ಹದಿನೆಂಟು ಸಾವಿರ ಒಡೆಯರು

ಕಾಲ್ಡರ್‌ಬ್ರಿಗ್ ಪರ್ಮನೆಂಟ್ ಬಿಲ್ಡಿಂಗ್ ಸೊಸೈಟಿಯ
ವಾರ್ಷಿಕ ಸಭೆಗೆ ಈ ಸಲ ಬಂದವರು ನಲವತ್ತೊಂದು ಜನ.
ಒಡೆಯರು ಹದಿನೆಂಟು ಸಾವಿರ.
ಬಾಗಿಲಲ್ಲಿ ಕೂತು ಟಿಕ್ ಹಾಕಿದವಳು ನಾನೇ,
ಸ್ಯಾಂಡ್‌ವಿಚ್ಚಿನ ಲೆಕ್ಕವೂ ನನ್ನದೇ: ಎಂಬತ್ತು ತರಿಸಿದ್ದೆ.

ಪೇಟೆಯಲ್ಲಿ ಮಾರಲು ಬರುವ ಶೇರು ಇಲ್ಲಿಲ್ಲ.
ಗಿರಣಿ ಮಾಲೀಕನ ಮೊಮ್ಮಗನಿಗೂ ಒಂದೇ ಓಟು,
ನೂರು ಪೌಂಡಿಟ್ಟ ಬಸ್ ಕಂಡಕ್ಟರ್ ಈನಕ್ ಶ್ಯಾಕಲ್ಟನ್‌ಗೂ ಒಂದೇ.
ಕೇಳಲು ಚೆಂದ.
ಆದರೆ ಊರೆಲ್ಲ ಒಡೆಯರಾದ ಮನೆಯ ಬೀಗದ ಕೈ
ಯಾರ ಸೊಂಟದಲ್ಲಿರುತ್ತೆ, ನೀವೇ ಹೇಳಿ.

ಅಂಚೆಯಲ್ಲಿ ಹೋಗುವ ಮತಚೀಟಿಯ ತುದಿಗೆ
ಒಂದು ಪುಟ್ಟ ಚೌಕ: ‘ಅಧ್ಯಕ್ಷರಿಗೇ ಬಿಟ್ಟಿದ್ದೇನೆ.’
ಎರಡು ಸಾವಿರದ ಮುನ್ನೂರು ಜನ ಅದರೊಳಗೆ ಇಂಟು ಹಾಕಿ
ಚಹಾಕ್ಕೆ ನೀರಿಟ್ಟರು.
ಅಧ್ಯಕ್ಷ ಥ್ವೇಟ್ ಕೆಟ್ಟವರೇನಲ್ಲ.
ಹದಿಮೂರು ವರ್ಷ ಅವರನ್ನು ಯಾರೂ ಬೇಡ ಅನ್ನಲಿಲ್ಲ,
ಬೇಕು ಅಂದದ್ದೂ ನನಗೆ ನೆನಪಿಲ್ಲ.

ಈ ಸಲದ ಪ್ರಶ್ನೆ: ಸೊಸೈಟಿ ಬ್ಯಾಂಕಾಗಬೇಕೆ?
ಆದರೆ ತಲೆಗೆ ಆರುನೂರೈವತ್ತು ಪೌಂಡು.
ಈನಕ್‌ನ ಸೂರು ಸೋರುತ್ತೆ, ಅವನು ಮೊದಲೇ ಕೈಯೆತ್ತಿದ.
ವಿನಿಫ್ರೆಡ್ ಗ್ರೀನ್‌ಹಾಲ್ ಕೈಚೀಲ ಮಡಿಲಲ್ಲಿಟ್ಟುಕೊಂಡೇ ಕೇಳಿದಳು:
‘ಆ ದುಡ್ಡು ಯಾರದು?’
‘ನಿಮ್ಮದೇ ಮೇಡಂ. ಸದಸ್ಯರದು.’
‘ನಾನಿಟ್ಟದ್ದು ನನ್ನ ಪಾಸ್‌ಬುಕ್ಕಿನಲ್ಲಿದೆ.
ಇದನ್ನು ಇಟ್ಟವರು ಯಾರು?’

ಥ್ವೇಟ್ ನೀರು ಕುಡಿದರು.

ಹನಿಗೂಡಿ ಹಳ್ಳ, ಸರಿ.
ಹಳ್ಳದಿಂದ ನನ್ನ ಹನಿ ನಾನು ಎತ್ತಿಕೊಳ್ಳುವಾಗ
ಬೊಗಸೆ ತುಂಬಿ ಬರುವ ಉಳಿದ ನೀರು?
ಮಗ್ಗದ ಸದ್ದಿಗೆ ಕಿವಿ ಕಳಕೊಂಡವರು,
ಒಂದು ಕಂತೂ ತಪ್ಪಿಸದೆ ಮನೆ ಬಿಡಿಸಿಕೊಂಡವರು,
ಬಡ್ಡಿಯ ಚೂರುಪಾರು ಇಲ್ಲೇ ಬಿಟ್ಟು
ಗುಡ್ಡದ ಚಾಪೆಲ್ಲಿನ ಹಿಂದೆ ಮಲಗಿದವರು.
ಸದಸ್ಯತ್ವ ಸಾವಿಗೆ ಮುಗಿಯುತ್ತೆ, ನಿಯಮ ಹನ್ನೊಂದು.
ನಿಧಿ ಮುಗಿಯುವುದಿಲ್ಲ; ಅದಕ್ಕೆ ನಿಯಮ ಬೇರೆ.
ಇನ್ನೂ ಹುಟ್ಟದವರು, ನಾಳೆ ಸಾಲ ಕೇಳಲು ಬರುವವರು,
ಅವರ ಹೆಸರೂ ನನ್ನ ಪಟ್ಟಿಯಲ್ಲಿರಲಿಲ್ಲ.

ಎಣಿಕೆ ರಾತ್ರಿ ಹತ್ತರವರೆಗೆ ನಡೆಯಿತು.
ಕಟ್ಟು ಬಿಚ್ಚುವಾಗ ಒಂದು ಚೀಟಿಯ ಕೈಬರಹ
ಎಲ್ಲೋ ನೋಡಿದಂತಿತ್ತು.
ನನ್ನದೇ.
ಏಳು ವರ್ಷದ ಹಿಂದೆ ತೆರೆದ ಖಾತೆ, ಮುನ್ನೂರು ಚಿಲ್ಲರೆ ಪೌಂಡು.
ಯಾವ ಗಡಿಬಿಡಿಯಲ್ಲೋ ಆ ಪುಟ್ಟ ಚೌಕದಲ್ಲಿ
ನಾನೂ ಇಂಟು ಹಾಕಿದ್ದೆ.

ಫಲಿತಾಂಶ ಏನಾಯಿತು ಅಂತ ಪೇಪರಿನಲ್ಲಿ ಬಂದಿದೆ, ಓದಿಕೊಳ್ಳಿ.
ನಾನು ನೋಡಿದ್ದು ಇಷ್ಟು:
ಉಳಿದ ಸ್ಯಾಂಡ್‌ವಿಚ್ಚನ್ನು ಒಡೆಯರು
ಕಾಗದದಲ್ಲಿ ಸುತ್ತಿಕೊಂಡು ಹೋದರು, ತಮ್ಮ ಕೈಯಾರೆ.
ಅದನ್ನು ಮಾತ್ರ ಯಾರೂ ಅಧ್ಯಕ್ಷರಿಗೆ ಬಿಡಲಿಲ್ಲ.