ಮಂಜಿನಲ್ಲಿ ಮೂರನೇ ವುಡ್

ಹೆಸರು ವುಡ್. ಒಳಗೆ ಮರದ ಒಂದು ಚಕ್ಕೆಯೂ ಇಲ್ಲ.
ಬೆರಳಗಂಟಲ್ಲಿ ತಟ್ಟಿ ನೋಡಿದೆ: ಟೊಳ್ಳು ಉಕ್ಕು,
ಹೊಸ ಚೊಂಬಿನ ಕಂಠ.
ಹಿಡಿಗೆ ಇನ್ನೂ ಅಂಗಡಿಯ ವಾಸನೆ.

"ಬೆಳ್ಳೀ, ಮಂಗಳವಾರ ಹೇಳಬೇಕು ನೀನು,
ಇಟ್ಟುಕೊಳ್ಳಲೋ, ವಾಪಸು ಕಳಿಸಲೋ"
ಎಂದು ಕೊಟ್ಟು ಹೋದರು ಪದ್ಮಾಸನಿ ಡಾಕ್ಟರಮ್ಮ,
ಕೂನೂರಿನ ಅರ್ಧ ಊರಿನ ಕಣ್ಣಿನ ಪೊರೆ ತೆಗೆದವರು.
ನಲವತ್ತೊಂದು ಸಾವಿರದ ಕೋಲು.
ಸೋಮವಾರ ಕ್ಯಾಡಿಗಳ ದಿನ,
ಹನ್ನೊಂದರ ತನಕ ಹುಲ್ಲು ನಮ್ಮದು.

ಊಟಿಯಲ್ಲಿ ಕೋಲನ್ನು ಅಳೆಯುವುದು ಸುಲಭವಲ್ಲ.
ಏಳು ಸಾವಿರ ಅಡಿ ಮೇಲೆ ಗಾಳಿ ತೆಳು,
ನೀರು ಹೆಚ್ಚಾದ ಮಜ್ಜಿಗೆ.
ಚೆಂಡು ಹದಿನೈದು ಗಜ ಬಿಟ್ಟಿಯಾಗಿ ಹೋಗುತ್ತದೆ,
ಹೊಡೆದವರು ತಮ್ಮ ತೋಳೆಂದುಕೊಳ್ಳುತ್ತಾರೆ,
ಕೊಯಮತ್ತೂರಿಗೆ ಇಳಿದ ಮೇಲೆ ಕೋಲಿಗೆ ಬೈಗುಳ.
ಅದಕ್ಕೇ ನಾನು ಹದಿನೈದು ಕಳೆದು ಬರೆಯುವುದು,
ಬೀಡಿ ಕಟ್ಟಿನ ಕಾಗದದ ಬೆನ್ನಿಗೆ.

ಸಮ ನೆಲದಲ್ಲಿ ಐದು: ನೂರ ತೊಂಬತ್ತು, ನೂರ ತೊಂಬತ್ತೆರಡು,
ಒಂದು ಎಡಕ್ಕೆ ವಾಲಿತು, ಅದು ನನ್ನ ಸೊಂಟದ ತಪ್ಪು.
ಒದ್ದೆ ಹುಲ್ಲಲ್ಲಿ ಅಡಿಭಾಗ ಜಾರುತ್ತದೆ, ಕಚ್ಚುವುದಿಲ್ಲ.
ಇದು ನಿಜವಾಗಿ ದೊಡ್ಡ ಗುಣ.
ಪಾದಕ್ಕಿಂತ ಕೆಳಗೆ ಚೆಂಡಿರುವ ಇಳಿಜಾರಲ್ಲಿ
ಮುಖದ ತುದಿಗೆ ತಾಗಿದರೂ ಕ್ಷಮಿಸುತ್ತದೆ.
ಕೈಗೆ ಜುಮ್ಮೆನ್ನುವುದಿಲ್ಲ.
ಕೈಗೆ ಏನೂ ಅನ್ನಿಸುವುದಿಲ್ಲ ಎಂದರೂ ಸರಿ.

ಏಳನೆಯದರಲ್ಲಿ ರಾತ್ರಿ ಕಾಟಿ ನಡೆದಿತ್ತು.
ಗೊರಸಿನ ಗುಂಡಿಯಲ್ಲಿ ಕೂತ ಚೆಂಡನ್ನು
ಮೂರು ಸಲ ಹೊಡೆದೆ, ಮೂರು ಸಲ ಮಣ್ಣು ಹಾರಿತು.
ಬರೆದೆ: ಯಾವ ಕಂಪನಿಯೂ
ಕಾಟಿಯ ಹೆಜ್ಜೆಗೆ ಕೋಲು ಮಾಡಿಲ್ಲ.

ಅಪ್ಪನ ಹಳೇ ವುಡ್ಡೂ ತಂದಿದ್ದೆ ಜೊತೆಗೆ,
ನಿಜವಾದ ಮರದ್ದು, ಯಾರೋ ಟೀ ತೋಟದ ದೊರೆ ಬಿಟ್ಟುಹೋದದ್ದು,
ಕುತ್ತಿಗೆಗೆ ಅಪ್ಪನೇ ಸುತ್ತಿದ ಕಪ್ಪು ನೂಲು.
ಅದು ಇಪ್ಪತ್ತು ಗಜ ಹಿಂದೆ. ಸುಳ್ಳು ಯಾಕೆ ಹೇಳಲಿ.
ಆದರೆ ಅದರ ಸದ್ದು
ಪರಿಚಯದವರು ಬಾಗಿಲು ತಟ್ಟಿದ ಹಾಗೆ.

ಒಂಬತ್ತಕ್ಕೆ ಮಂಜು ಇಳಿಯಿತು, ಮುಳ್ಳುಪೊದೆಯ ಹಳದಿ ಹೂವೂ ಅಳಿಸಿಹೋಯಿತು.
ಮುಂದೆ ನಿಂತಿದ್ದ ಹುಡುಗ ಮಾದನಿಗೆ ಕೂಗಿ ಹೇಳಿದೆ:
ಬಲಕ್ಕೆ ಬಿದ್ದರೆ ಒಂದು ಸಿಳ್ಳೆ, ಎಡಕ್ಕೆ ಎರಡು,
ನಡುವೆ ಬಿದ್ದರೆ ಉದ್ದಕ್ಕೆ.
ಹೊಡೆದೆ. ಬಿಳಿ ಬಿಳಿಯೊಳಗೆ ಹೋಯಿತು.
ನೋಡುವುದಕ್ಕೇನೂ ಇಲ್ಲದ್ದರಿಂದ ತಲೆ ಎತ್ತಲಿಲ್ಲ,
ಹುಲ್ಲಿನ ಗಾಯವನ್ನೇ ನೋಡುತ್ತ ನಿಂತೆ.
ಉದ್ದದ ಸಿಳ್ಳೆ.
ಮತ್ತೆ ಹೊಡೆದೆ. ಉದ್ದದ ಸಿಳ್ಳೆ.
ಹತ್ತರಲ್ಲಿ ಎಂಟು ಉದ್ದ, ಒಂದು ಗಿಡ್ಡ.
ಹತ್ತನೆಯದಕ್ಕೆ ಸಿಳ್ಳೆಯೇ ಇಲ್ಲ.
ಮಾದ ಬೀಡಿಗೆ ಕಡ್ಡಿ ಗೀರುತ್ತಿದ್ದನಂತೆ.

ಆಗ ತಿಳಿಯಿತು ನನಗೆ ಡಾಕ್ಟರಮ್ಮನ ರೋಗ.
ಆರು ವರ್ಷ ಬೆನ್ನ ಹಿಂದೆ ನಿಂತು ನೋಡಿದ್ದೇನೆ,
ಕೋಲು ಚೆಂಡಿಗೆ ತಾಗುವ ಮುಂಚೆಯೇ
ಅವರ ಕಣ್ಣು ಧ್ವಜದ ಹತ್ತಿರ ಹೋಗಿ ಕೂತಿರುತ್ತದೆ.
ಭುಜ ಮೇಲೆದ್ದು, ಚೆಂಡಿನ ತಲೆ ಸವರಿ,
"ಈ ಕೋಲೂ ಸರಿಯಿಲ್ಲ ಬೆಳ್ಳೀ."
ಹೀಗೇ ನಾಲ್ಕು ಕೋಲು ವಾಪಸು ಹೋದವು.

ಕಾಗದದಲ್ಲಿ ಎಲ್ಲ ಬರೆದಿದೆ:
ದೂರ, ಎತ್ತರ, ಒದ್ದೆ, ಇಳಿಜಾರು, ಕಾಟಿ.
ಒಂದು ಸಾಲು ಮಾತ್ರ ಬರೆದು ಹೊಡೆದುಹಾಕಿದ್ದೇನೆ.
ಕಣ್ಣಿನ ಡಾಕ್ಟರಿಗೆ ಕ್ಯಾಡಿ ಹೇಗೆ ಹೇಳುವುದು
ನೋಡಬೇಡಿ ಎಂದು?

ಮಂಗಳವಾರ ಕಾಗದ ಕೊಟ್ಟೆ.
ಹೊಡೆದುಹಾಕಿದ ಸಾಲನ್ನೇ ಬೆಳಕಿಗೆ ಹಿಡಿದು ಓದಿದರು,
ಯಾರದೋ ಪಾಪೆಯನ್ನು ಪರೀಕ್ಷಿಸುವ ಹಾಗೆ.
"ಕೋಲು?" ಎಂದರು.
"ಇಟ್ಟುಕೊಳ್ಳಿ. ಮಂಜು ಬರಲಿ, ಆಮೇಲೆ ಹೊಡೆಯೋಣ."
ದೊಡ್ಡಬೆಟ್ಟದ ತನಕ ಆಕಾಶ ತೊಳೆದ ಬಸಿಯಂತಿತ್ತು.
ಇಬ್ಬರೂ ಮೊದಲನೇ ಟೀ ಪಕ್ಕದ ಬೆಂಚಿನ ಮೇಲೆ ಕೂತೆವು,
ಕೋಲು ನಡುವೆ.