ಅಳತೆಗೆ ಒಬ್ಬ ಆಳು

ಮಂಡಿ ಮೊಹಲ್ಲಾದ ಅಡ್ಡರಸ್ತೆಯೊಂದು ಕುಸಿದ ದಿನ
ಹಳೇ ನಕ್ಷೆ ಹುಡುಕಲು ರೆಕಾರ್ಡು ಕೋಣೆಗೆ ಹೋದೆ.
ಬೀಗದ ಕೈ ಇದ್ದವನು ನಂಜನಗೂಡಿಗೆ, ಬೀಗರೂಟಕ್ಕೆ.
ಕಿಟಕಿಯಿಂದ ಇಳಿದೆವು ನಾನೂ ಮಂಟಯ್ಯನೂ.
ಇಳಿಯುವುದು ಅವನಿಗೆ ಹೊಸದಲ್ಲ.

ನಕ್ಷೆ ಸಿಗಲಿಲ್ಲ. ಸಿಕ್ಕಿದ್ದು ಒಂದು ಚಿತ್ರ,
ತಗಡಿನ ಕೊಳವೆಯೊಳಗೆ ಸುತ್ತಿಟ್ಟದ್ದು,
ಬಿಚ್ಚಿದರೆ ಮತ್ತೆ ಸುರುಳಿಯಾಗುವ ಹಟ ಅದಕ್ಕೆ.
ನಾಲ್ಕು ಮೂಲೆಗೆ ನಾಲ್ಕು ಕಡತ ಹೇರಿ ನೋಡಿದೆವು:
ನೆಲ ಸೀಳಿದ ನೋಟ. ಮೇಲೆ ಬೀದಿ, ಒಂದು ಜಟಕಾ,
ಕೆಳಗೆ ಕೆಮ್ಮಣ್ಣು, ಅದರ ಕೆಳಗೆ ಗರಸು,
ಗರಸಿನ ನಡುವೆ ಇಟ್ಟಿಗೆಯ ಮೊಟ್ಟೆ, ಚೂಪು ತುದಿ ಕೆಳಗೆ,
ಮೊಟ್ಟೆಯೊಳಗೆ ನಿಂತ ಒಬ್ಬ ಮನುಷ್ಯ.

ಜೊತೆಗಿದ್ದ ಕಡತ ಹೇಳುತ್ತದೆ:
ಪ್ಲೇಗು ಇಳಿದ ವರ್ಷ. ಲಂಡನ್ನಿನ ವಾರಪತ್ರಿಕೆಯ ಹಾಳೆ ಹಿಡಿದು
ಇಂಜಿನಿಯರು ದೊರೆ ಅಂದ, ಹೀಗೆ ಬರೆ.
ಅದರಲ್ಲಿ ಸುರಂಗದ ಕಮಾನಿನ ಕೆಳಗೆ
ಎತ್ತರದ ಟೋಪಿಯವರು, ಊಟದ ಎಲೆ ಕಾಯುವವರಂತೆ.
ಬರೆಯಬೇಕಾದವನು ಲಷ್ಕರ್ ಮೊಹಲ್ಲಾದ ಚಿತ್ರಗಾರ ಸೂರಪ್ಪ,
ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ಅಲ್ಲಿತನಕ
ಲಕ್ಷ್ಮಿ, ಸರಸ್ವತಿ, ಪಟ್ಟಾಭಿಷೇಕಗಳನ್ನೇ ಬರೆದವನು.
ಕರಾರು: ಜನ ಬೇಡ. ಇಟ್ಟಿಗೆ ಎಣಿಸುವಂತಿರಲಿ.
ಅಳತೆಗೆ ಒಬ್ಬ ಆಳು ಇದ್ದರೆ ಸಾಕು.

ಸೂರಪ್ಪನಿಗೆ ಕಮಾನು ಗೊತ್ತಿರಲಿಲ್ಲ.
ಪ್ರಭಾವಳಿ ಗೊತ್ತಿತ್ತು.
ಪ್ರಭಾವಳಿಯೊಳಗೆ ಯಾರನ್ನೋ ಸುಮ್ಮನೆ ನಿಲ್ಲಿಸಿಬಿಡಲು
ಅವನ ಕೈಗೆ ಬರುತ್ತಿರಲಿಲ್ಲ.
ಹಾಗಾಗಿ ಆಳಿಗೆ ಮೀನಿನ ಕಣ್ಣು ಬಂತು,
ಒಂದು ಕೈ ಸೊಂಟಕ್ಕೆ, ಇನ್ನೊಂದರಲ್ಲಿ ಲಾಟೀನು.
ಆದರೆ ಎಡಗಾಲಿನ ಕಿರುಬೆರಳು ಇಲ್ಲ.
ಇದು ಯಾವ ಧ್ಯಾನಶ್ಲೋಕದಲ್ಲೂ ಬಾರದ ಲಕ್ಷಣ,
ಯಾರನ್ನೋ ನೋಡಿಯೇ ಬರೆದಿದ್ದಾನೆ.
ಹಣೆಯ ಬೆವರು ಕೂಡ, ಅಳಿಲುಕೂದಲ ಒಂದೇ ಎಳೆಯಲ್ಲಿ.

ಲಾಟೀನಿಗೆ ಮಕ್ಕು ಕಟ್ಟಿ ಚಿನ್ನದ ರೇಕು ಅಂಟಿಸಿದ್ದ.
ಕಡತದ ಕೊನೆಯ ಹಾಳೆಯಲ್ಲಿ ಕೆಂಪು ಶಾಯಿ:
'ಚರಂಡಿಗೆ ಚಿನ್ನವೇಕೆ? ವಿವರಣೆ ಕೇಳುವುದು.
ಒಂದು ರೂಪಾಯಿ ಆರಾಣೆ ಮುರಿದುಕೊಳ್ಳುವುದು.'
ವಿವರಣೆ ಇಲ್ಲ, ಹಾಳೆ ಮುಗಿದಿದೆ.
ರಾಣಿಯ ತಲೆಯ ಒಂದು ರೂಪಾಯಿ. ಆರಾಣೆ.
ರೇಕು ಎಂದೋ ಉದುರಿ ಮಕ್ಕಿನ ಗುಬುಟಷ್ಟೇ ಉಳಿದಿದೆ,
ಬೆರಳಿಟ್ಟರೆ ಕೂಸಿನ ವಸಡಲ್ಲಿ ಹಲ್ಲು ಮೂಡಿದಂತೆ ತಾಕುತ್ತದೆ.

ಮಂಟಯ್ಯ ಬಹಳ ಹೊತ್ತು ನೋಡಿದ.
ಯಂತ್ರ ಬರುವ ಮೊದಲು ಹತ್ತೊಂಬತ್ತು ವರ್ಷ
ಗುಂಡಿಗಿಳಿದ ಮೈ ಅವನದು.
'ನಗ್ತಾವ್ನೆ ನೋಡಿ ಸಾ' ಅಂದ. 'ಮೂಗೂ ಮುಚ್ಚಿಲ್ಲ.'
ಆಮೇಲೆ: 'ಇನ್ನೂ ಖಾಲಿ ಅದೆ ಕನ, ಅದ್ಕೇಯ.
ನೀರು ಬಿಟ್ಟ ಮ್ಯಾಕೆ ಯಾರು ಬರೀತಾರೆ?'

ಅಳತೆಪಟ್ಟಿಯನ್ನು ಗೆದ್ದಲು ತಿಂದಿತ್ತು,
ಅಡಿ ಅಂಗುಲ ಬರೆದ ಅಂಚು ಪುಡಿಪುಡಿ.
ಉಳಿದ ಅಳತೆ ಅವನೊಬ್ಬನೇ.
ಪಾದದ ಬಳಿ ಓದಬರುವಷ್ಟು ಅಕ್ಷರ:
'ಆಳು, ಐದಡಿ ನಾಲ್ಕಂಗುಲ.' ಹೆಸರಿಲ್ಲ.
ಕಡತದ ದಾರ ಬಿಚ್ಚಿ ಅವನ ನೆತ್ತಿಯಿಂದ ಅಂಗಾಲಿಗೆ ಹಿಡಿದೆ,
ಅದೇ ದಾರ ಬೀದಿಯಿಂದ ಇಟ್ಟಿಗೆಯ ನೆತ್ತಿಗೆ.
ಎರಡೂವರೆ ಆಳಿನ ಆಳ.
ಬಾಯಿಬಿಟ್ಟು ಹೇಳಿಕೊಂಡಾಗ ಕೇಳಿಸಿತು,
ಆಳುವವನೂ ಆಳೂ ಆಳವೂ ಒಂದೇ ಉಸಿರಿನಲ್ಲಿ;
ವ್ಯಾಕರಣದ ಮೇಷ್ಟ್ರು ಒಪ್ಪುವುದಿಲ್ಲ, ಬಿಡಿ.

ಮರುದಿನ ಅಗೆದೆವು. ಹದಿಮೂರು ಅಡಿಗೆ ಏನೂ ಇಲ್ಲ.
ಹದಿನಾಲ್ಕಕ್ಕೆ ಹಾರೆ ಠಣ್ ಎಂದಿತು.
ಬೀದಿಗೆ ಡಾಂಬರು ಏರಿತ್ತೋ, ಸೂರಪ್ಪ ತಪ್ಪಿದ್ದನೋ,
ಇಲ್ಲಾ ಕೈರೂಢಿಗೆ ಆಳನ್ನು ಒಂಚೂರು ಎತ್ತರ ಬರೆದಿದ್ದನೋ.

ಒಡಕಿನಿಂದ ಆ ವಾಸನೆ ಎದ್ದಿತು.
ಮಂಟಯ್ಯ ಬೀಡಿ ಹೊಸಕಿದ, ಎಲ್ಲರನ್ನೂ ಹಿಂದಕ್ಕೆ ತಳ್ಳಿದ,
ಎಷ್ಟೋ ಹೊತ್ತು ಬಿಟ್ಟು, ಬಗ್ಗಿ ಟಾರ್ಚು ಹಾಕಿದ.
ಕೆಳಗೆ ದುಂಡಗೆ, ಹಳದಿಯಾಗಿ, ಏನೋ ಹೊಳೆಯಿತು.
'ನೀರು ಕನ ಸಾ' ಅಂದ,
ನಾನು ಕೇಳುವ ಮೊದಲೇ.