ಟಿಕ್

ಲೀಟ್ರಿಮ್ ಸೀಮೆಯ ಕೊನೆಯ ಕಂಬ ಡಿಂಪ್ನಾಳ ಗೇಟಿನ ಬಳಿ.
ಎಕ್ಸ್‌ಚೇಂಜಿನಿಂದ ಐದು ಕಿಲೋಮೀಟರು ತಾಮ್ರದ ದಾರಿ.
ನಾನು ಏಣಿ ಇಳಿಸುವ ಮೊದಲೇ ಕೇಳಿದಳು:
"ಮಾತಾಡುವ ತಂತಿಯಲ್ಲೇ ಸಿನಿಮಾ ಬರುತ್ತದಂತೆ,
ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲವೇ?"

ತಂತಿ ಒಂದೇ, ಮಹಡಿ ಬೇರೆ, ಎಂದೆ.
ನೆಲಮಹಡಿಯಲ್ಲಿ ನಿಮ್ಮ ದನಿ:
ಕೆಮ್ಮು, ನಾಳೆಯ ಗಾಳಿ, ಅಕ್ಕನ ಮೊಣಕಾಲು.
ಅದರ ಮೇಲೊಂದು ಮಹಡಿ ಖಾಲಿ,
ಯಾರೂ ಇರಬಾರದೆಂದೇ ಬಿಟ್ಟದ್ದು.
ಇನ್ನೂ ಮೇಲೆ, ನಾಯಿಯ ಕಿವಿಗೂ ಎಟುಕದಲ್ಲಿ,
ಇನ್ನೂರು ಚಿಲ್ಲರೆ ಕಿರುಕೋಣೆ,
ಕೋಣೆಗೊಂದು ಹಿಡಿ ಅಂಕಿ.
ಗೋಡೆಯ ಈ ಬಿಳಿ ಡಬ್ಬಿ ಮೆಟ್ಟಿಲ ಕಾವಲುಗಾರ,
ಮೇಲಿನವರ ಗದ್ದಲ ಫೋನಿಗೆ ಇಳಿಯಗೊಡದು.

"ಹಾಗಾದರೆ ರಾತ್ರಿ ಎಂಟಕ್ಕೆ ಸಾಯುವುದೇಕೆ?"

ಅದಕ್ಕೇ ಬಂದದ್ದು.
ಟೆಸ್ಟ್ ಫೋನು ಕಚ್ಚಿಸಿ ಎಂಟರವರೆಗೆ ಕಾದೆ.
ಟಿಕ್.
ಒಂದು ಉಸಿರಿನ ಬಿಡುವು.
ಟಿಕ್.

ಕುರಿ ಬೇಲಿಯ ಕರೆಂಟು. ಫಿಂಟನ್‌ನದು.
ಹೆಸರೆತ್ತಿದೆ. ಕಿಟಕಿ ಮುಚ್ಚಿದಳು.
ಒಂದು ಚರಂಡಿಯ ವಿಷಯ, ಹನ್ನೊಂದು ವರ್ಷ.

ಎರಡು ಎಳೆಯನ್ನು ಜಡೆಯಂತೆ ಹೊಸೆದಿರುತ್ತೇವೆ,
ಹೊರಗಿನ ಸದ್ದು ಎರಡನ್ನೂ ಸಮ ತಟ್ಟಿ
ತನ್ನನ್ನು ತಾನೇ ಕಳೆದುಕೊಳ್ಳಲೆಂದು.
ಒಂದು ಎಳೆಗೆ ಕಿಲುಬು ಹಿಡಿದರೆ ಸಾಕು,
ಲೆಕ್ಕ ತಪ್ಪುತ್ತದೆ, ಸದ್ದು ಉಳಿಯುತ್ತದೆ.
ಅವನ ಹೊಲದ ನಡುವಿನ ಕಂಬದಲ್ಲಿ ಸಿಕ್ಕಿತು,
ಹಸಿರುಗಟ್ಟಿದ ಜಾಯಿಂಟು.

ಕೆಳಗೆ ಫಿಂಟನ್ ಟಾರ್ಚು ಹಿಡಿದು ನಿಂತಿದ್ದ.
"ನನ್ನ ಬೇಲಿ ಅವಳಿಗೆ ಕೇಳುತ್ತದಾ?"
ದಿನಾ, ಎಂದೆ.
ಟಾರ್ಚು ಸ್ವಲ್ಪ ಹೊತ್ತು ಹುಲ್ಲಿನ ಮೇಲೆಯೇ ಇತ್ತು.
ಆಮೇಲೆ ಬೇಲಿಯ ಅರ್ಥ್ ಸಲಾಕೆ ಕಿತ್ತು
ಅರವತ್ತು ಹೆಜ್ಜೆ ಆಚೆ ತಾನೇ ನೆಟ್ಟ.

ವೇಗ ಒಂದಿದ್ದದ್ದು ಮೂರಾಯಿತು. ಅದಕ್ಕಿಂತ ಏರದು.
ಕಿಲುಬು ಕೆರೆಯಬಹುದು, ದೂರಕ್ಕೆ ರಿಪೇರಿಯಿಲ್ಲ.
ಫಾರ್ಮಿನಲ್ಲಿ ಬರೆದೆ: ದೋಷ ಸರಿಪಡಿಸಲಾಗಿದೆ.

ಮಂಗಳವಾರ ಅವಳ ಫೋನು:
"ಸಿನಿಮಾ ನಿಲ್ಲದೆ ಬರುತ್ತಿದೆ, ಅದಲ್ಲ.
ಮಲಗುವ ಮುಂಚೆ ರಿಸೀವರ್ ಎತ್ತಿ ಕೇಳುತ್ತಿದ್ದೆ.
ಟಿಕ್ ಇದ್ದರೆ,
ಇವತ್ತೂ ಎದ್ದು ಬಂದು ಸ್ವಿಚ್ಚು ಹಾಕಿದ್ದಾನೆ ಎಂದು.
ಈಗ ಬರೀ ಗುಂಯ್ ಅನ್ನುತ್ತದೆ.
ನನಗೆ ಗೊತ್ತಾಗುವುದು ಹೇಗೆ?"

ನೆಲಮಹಡಿ ಹಾಗೇ ಇದೆ, ನಂಬರು ಒತ್ತಿ, ಎಂದೆ.
ಆ ಕಡೆ ಉತ್ತರವಿಲ್ಲ. ಇಟ್ಟಿರಲೂ ಇಲ್ಲ.
ನಲವತ್ತು ಸೆಕೆಂಡು, ಶುದ್ಧ ಲೈನು.
ಫಾರ್ಮು ಇನ್ನೂ ವ್ಯಾನಿನಲ್ಲಿದೆ,
ಕಳಿಸಿಲ್ಲ.